ಜೋಡಿ ಓಟ

ದಾನಮ್ಮನಿಗೆ ಕಣ್ಣು ಕಾಣುವುದಿಲ್ಲ. ಮ್ಯಾರಥಾನ್ ತರಬೇತಿಯಲ್ಲಿ ಅವಳ ಮಣಿಕಟ್ಟನ್ನೂ ಗಂಡ ಈರಣ್ಣನ ಮಣಿಕಟ್ಟನ್ನೂ ಒಂದು ಗಿಡ್ಡ ಹಗ್ಗದಿಂದ ಕಟ್ಟಿರುತ್ತಿದ್ದರು. ಅವನು ದಾರಿ ಹೇಳುತ್ತ ಪಕ್ಕದಲ್ಲೇ ಓಡುತ್ತಿದ್ದ. ಕೋಚ್ ಹಿರೇಮಠರು ಸ್ಕೂಟರಿನಲ್ಲಿ ಮುಂದೆ ಹೋಗಿ ಏರಿನ ತುದಿಯಲ್ಲಿ ಕಾಯುತ್ತಿದ್ದರು.

“ಇವತ್ತೂ ತಡ. ಹಿಂಗ ಓಡಿದ್ರ ನಿನ್ನ ಹೆಸರು ತಗದುಬಿಡ್ತೀನಿ ನೋಡು ದಾನಮ್ಮ,” ಎಂದು ಕೋಚ್ ರೇಗಿದರು.

“ಕಾಲು ಸೋತಾವ್ರೀ ಸರ್. ನಾಳೆ ಜೋರ ಓಡ್ತೀನಿ.”

ಅವಳ ಕಾಲು ಸೋತಿರಲಿಲ್ಲ. ಏರು ಬಂದ ಕೂಡಲೇ ಹಗ್ಗ ಅವಳನ್ನು ಹಿಂದಕ್ಕೆ ಜಗ್ಗುತ್ತಿತ್ತು. ಅದನ್ನು ಹೇಳಿದರೆ ನಾಲ್ಕು ಜನರೆದುರು ಗಂಡನ ಮರ್ಯಾದೆ ಹೋಗುತ್ತದೆಂದು ದಿನವೂ ಬೈಸಿಕೊಳ್ಳುತ್ತಿದ್ದಳು.

“ನಾಳೆ ನಾಳೆ ಅಂತ ಎಷ್ಟು ದಿನ ಹೇಳ್ತಿ? ಓಡೂ ಮನಸ್ಸಿಲ್ಲಂದ್ರ ಮನ್ಯಾಗ ಇರು.”



ಈರಣ್ಣ ಏದುಸಿರು ಬಿಡುತ್ತಲೇ ತನ್ನ ಕೈಯ ಗಂಟು ಬಿಚ್ಚಿ, ಹಗ್ಗದ ತುದಿಯನ್ನು ಕೋಚ್ ಕೈಯಲ್ಲಿಟ್ಟ.

“ಇದನ್ನ ಬ್ಯಾರೆ ಯಾರಿಗರೆ ಕಟ್ರಿ ಸರ್. ಏರಿನಾಗ ಸೋಲೂವು ಆಕಿ ಕಾಲಲ್ಲ, ನನ್ನವು.”