ಕೊನೆಯ ಗೇಟು

"ಈ ಸಲ ಆ ಗೇಟು ಕಾಯೋ ಮುದುಕ ನುಣುಚಿಕೊಳ್ಳೋ ಹಾಗಿಲ್ಲ," ಎಂದರು ಸಾಹೇಬರು, ಜೀಪು ಕಾಲುವೆಯ ಏರಿ ಹತ್ತುತ್ತಿದ್ದಂತೆ.

ಸ್ಟಿಯರಿಂಗ್ ಹಿಡಿದಿದ್ದ ಮೆಕ್ಯಾನಿಕ್ ಗೇರು ಬದಲಿಸಿದ. ಎಡಕ್ಕೆ ಬರೀ ಮರಳು, ಬಲಕ್ಕೆ ಕಾಲುವೆ. ದೂರದ ಬೆಟ್ಟಗಳಲ್ಲಿ ಹುಟ್ಟಿದ ಮಹಾನದಿಯನ್ನು ಕಟ್ಟಿ, ಸೀಳಿ, ಹಂಚಿ, ಉಳಿದಷ್ಟನ್ನು ಈ ಕಾಂಕ್ರೀಟಿನ ಓಣಿಯಲ್ಲಿ ಇಲ್ಲಿಯವರೆಗೆ ಕೈಹಿಡಿದು ನಡೆಸಿಕೊಂಡು ಬಂದಿದ್ದರು. ಗೇಟುಗಳನ್ನು ಈಗ ಏರಿಸಿ ಇಳಿಸುವುದು ನಗರದ ಕಂಟ್ರೋಲ್ ರೂಮು. ನೀರಿನ ಮಟ್ಟ ಅಳೆಯುವ ಸೆನ್ಸರ್ ಕೆಟ್ಟರೆ ಗೇಟು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೊನೆಯ ಗೇಟು ಈ ಬೇಸಿಗೆಯಲ್ಲಿ ಮುಚ್ಚಿಕೊಂಡಿದ್ದು ಇದು ಐದನೇ ಸಲ. ಪ್ರತಿ ಸಲವೂ ಕೆಳಗಿನ ಊರಿನ ನಲ್ಲಿಗಳು ಒಂದಿಡೀ ಹಗಲು ಒಣಗಿ ನಿಲ್ಲುತ್ತಿದ್ದವು. ಇವತ್ತು ಬೆಳಿಗ್ಗೆ ಮತ್ತೆ ಫೋನು ಬಂದಿತ್ತು.

"ಸುತ್ತ ನರಪಿಳ್ಳೆ ಇಲ್ಲ. ಮಾತಿಗೆ ಜನ ಬೇಕು ಅವನಿಗೆ. ಗೇಟು ಕೆಟ್ಟರೆ ನೀನು ಬರ್ತೀಯ. ಟೀ, ಹರಟೆ. ಅರ್ಥ ಆಯ್ತಾ?"

"ಬಿಸಿಲು ಸಾರ್. ತಂತಿ ಸಡಿಲ ಆಗುತ್ತೆ."

"ಬಿಸಿಲು ಇದೊಂದೇ ಗೇಟಿಗಾ?"

ಸೀಟಿನ ಹಿಂದೆ ಮೆಕ್ಯಾನಿಕ್‌ನ ಚೀಲ; ಅದರಲ್ಲಿ ಮುದುಕನ ಮಂಡಿನೋವಿಗೆಂದು ನಿನ್ನೆ ಸಂಜೆ ಕೊಂಡ ಮುಲಾಮು.

ಗೇಟಿನ ಪಕ್ಕದ ಒಂಟಿ ಕೋಣೆಯೇ ಕಾವಲುಗಾರನ ಮನೆ. ಹೊರಗೆ ಎರಡು ಕುರ್ಚಿ ಹಾಕಿಟ್ಟಿದ್ದ. ಜೀಪಿನಿಂದ ಸಾಹೇಬರೂ ಇಳಿದದ್ದು ಕಂಡು ಗಲಿಬಿಲಿಯಾಗಿ, ತನಗೊಂದು ಖಾಲಿ ಡಬ್ಬ ಎಳೆದುಕೊಂಡ.

"ಬಾ ಮಗಾ. ನಮ್ಮಕ್ಕ ಬೆಳಿಗ್ಗೆಯಿಂದ ಫೋನಲ್ಲಿ ಉಗೀತಿದ್ದಾಳೆ. ಕೆಳಗಿನ ಊರಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡ್ಕೊಂಡು ನಿಂತಿದ್ದಾಳಂತೆ, ಈ ವಯಸ್ಸಲ್ಲಿ. ಅವಳಿಗೆ ಏನು ಹೇಳ್ಲಿ, ನೀನೇ ಹೇಳು."

"ಈಗ ಸರಿ ಮಾಡ್ತೀನಿ ದೊಡ್ಡಪ್ಪ," ಎಂದ ಮೆಕ್ಯಾನಿಕ್, ಮುಖ ನೋಡದೆ.

ಸೆನ್ಸರಿನ ಪೆಟ್ಟಿಗೆ ಗೇಟಿನ ನೆತ್ತಿಯ ಮೇಲಿತ್ತು. ಕಡಿದಾದ ಕಬ್ಬಿಣದ ಏಣಿ ಹತ್ತಿ ಮುಚ್ಚಳ ತೆಗೆದ. ಒಳಗೆ ತಂತಿಗಳ ಗೋಜಲು. ಅವನ ಬೆರಳು ನೇರವಾಗಿ ಒಂದರ ಮೇಲೆ ಹೋಗಿ ನಿಂತಿತು. ಈ ಸಲ ಪೂರ್ತಿ ಬಿಗಿದ. ಕೆಳಗೆ ಮುದುಕ ಏಣಿಯ ಬುಡ ಹಿಡಿದು, ಎಂದಿನಂತೆ ಕತ್ತೆತ್ತಿಕೊಂಡು ಮಾತಾಡುತ್ತಲೇ ಇದ್ದ: ರೇಡಿಯೊ ಕೈಕೊಟ್ಟಿದ್ದು, ಹಲ್ಲಿಯೊಂದು ತನ್ನ ಚಪ್ಪಲಿಯಲ್ಲಿ ಸಂಸಾರ ಹೂಡಿದ್ದು, ಕನಸಿನಲ್ಲಿ ಮಳೆ ಬಂದು ಹಾಸಿಗೆ ಒದ್ದೆಯಾಗಿದ್ದು. "ಕನಸಿನ ಮಳೆಯೇ ಅಂತ ಏನು ಗ್ಯಾರಂಟಿ ದೊಡ್ಡಪ್ಪ?" ಎಂದು ಮೇಲಿನಿಂದ ಕೇಳಿದಾಗ ಮುದುಕ ಕೆಮ್ಮು ಬರುವಷ್ಟು ನಕ್ಕ.

ಮೆಕ್ಯಾನಿಕ್ ಕೆಲಸ ಮುಗಿದರೂ ಬೇಗ ಇಳಿಯಲಿಲ್ಲ. ನಗರದ ತನ್ನ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿದರೆ ಮತ್ತೆ ತೆರೆಯುವವನೂ ತಾನೇ. ಇಂಥ ಕಡೆ ಒಬ್ಬನೇ ಇರುವವನ ಪಾಡು ಸಾಹೇಬರಿಗೆ ಹೇಗೆ ಗೊತ್ತಾಗಬೇಕು?

ಗೇಟು ನರಳುತ್ತಾ ಮೇಲೆದ್ದಿತು. ನೀರು ನುಗ್ಗಿತು.

ಸಾಹೇಬರು ಟೀ ಲೋಟವನ್ನು ಮುಟ್ಟಲೂ ಇಲ್ಲ. ಮುದುಕನ ಕಡೆ ತಿರುಗಿದರು. "ಸುತ್ತುಬಳಸಿ ಮಾತು ಬೇಡ. ಆ ಪೆಟ್ಟಿಗೆಗೆ ಕೈ ಹಾಕೋರು ಇಬ್ಬರೇ. ಒಂದೋ ನೀನು, ಇಲ್ಲ ಇವನು. ಇದು ಕುಡಿಯೋ ನೀರು. ಇವನ ಕೈವಾಡ ಆದರೆ ಪೊಲೀಸರಿಗೆ ಒಪ್ಪಿಸ್ತೀನಿ. ನಿಂದಾದರೆ, ವಯಸ್ಸು ನೋಡಿ, ಕೆಲಸ ಬಿಡಿಸಿ ಕಳಿಸ್ತೀನಿ. ಅಷ್ಟೆ."

ಮುದುಕ ಮಾಡಿಲ್ಲವೆಂದು ಮೆಕ್ಯಾನಿಕ್‌ಗೆ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದ. ಆದರೆ ಬಗ್ಗಿ ಚೀಲದ ಬಾಯಿ ಕಟ್ಟತೊಡಗಿದ.

"ನಾನೇ ಸಾಹೇಬ್ರೆ," ಎಂದ ಮುದುಕ. "ಹೊತ್ತೇ ಹೋಗ್ತಿರಲಿಲ್ಲ."

"ನಾನು ಹೇಳಲಿಲ್ವಾ?" ಸಾಹೇಬರು ಮೆಕ್ಯಾನಿಕ್ ಕಡೆ ತಿರುಗಿ ಹುಬ್ಬು ಹಾರಿಸಿದರು. ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಿಸಲು ಫೋನು ಹಿಡಿದು ಏರಿಯ ಮೇಲೆ ದೂರ ನಡೆದರು.

ಮುದುಕನ ಸಂಸಾರವೆಲ್ಲ ಒಂದು ಟ್ರಂಕಿನಲ್ಲಿ ಹಿಡಿಯಿತು. ಮೆಕ್ಯಾನಿಕ್ ಅದನ್ನು ಹೊತ್ತು ಜೀಪಿನ ಹಿಂಬದಿಗಿಟ್ಟ.

"ದೊಡ್ಡಪ್ಪ, ಯಾಕೆ..."

"ಬಿಡೋ. ಅಕ್ಕನ ಮನೆಗೆ ಹೋಗ್ತೀನಿ. ಅವಳ ಬಾಯಿ ಜೋರು, ನಿಜ. ಆದ್ರೆ ಇಲ್ಲಿ ನನ್ನನ್ನ ಎದುರು ನಿಂತು ಬೈಯೋಕೂ ಒಂದು ಪ್ರಾಣಿ ಇರಲಿಲ್ವಲ್ಲ."

ಜೀಪಿನ ಮೊಣಕಾಲೆತ್ತರದ ಮೆಟ್ಟಿಲು ಮುದುಕನಿಗೆ ಹತ್ತಲಾಗಲಿಲ್ಲ. ಮಂಡಿ ಮಡಚುತ್ತಲೇ ಇರಲಿಲ್ಲ. ಮೆಕ್ಯಾನಿಕ್ ಸೊಂಟ ಹಿಡಿದು ಮೇಲೆತ್ತಿ ಕೂರಿಸಿದ. ಮುದುಕ ಅವನ ಹೆಗಲ ಮೇಲಿನ ಕೈ ತೆಗೆಯದೆ, ಸಾಹೇಬರಿಗೆ ಕೇಳದಷ್ಟು ಮೆಲ್ಲಗೆ ಹೇಳಿದ:

"ನೋಡಬೇಕು ಅನ್ನಿಸಿದಾಗ ಸುಮ್ಮನೆ ಬಂದುಬಿಡು ಮಗಾ. ಅಲ್ಲಿ ನೀನು ಕೆಡಿಸೋಕೆ ಗೇಟೂ ಇಲ್ಲ."