ಪ್ರೆಬೆನ್‌ನ ತೊಡೆ

"ಸ್ನಾಯು ಸುಳ್ಳಾಡಲ್ಲ ಮಗೂ, ಸುಳ್ಳಾಡೋದು ನಿನ್ನ ಕೈ!" ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟುಕೊಂಡೇ ಸಿಗ್ನೆ ತನ್ನ ಪ್ರೊಫೆಸರ್ ಪ್ರೆಬೆನ್‌ನ ದನಿಯನ್ನು ಮೂಗಿನಿಂದ ಎಳೆದೆಳೆದು ಅಣಕಿಸಿದಳು.

"ನನ್ನ ಮೂಗು ಅಷ್ಟೊಂದು ಕಟ್ಟಿರುತ್ತಾ?" ಎಂದಿತು ಬೆನ್ನ ಹಿಂದಿನ ಕತ್ತಲು.

ಸಿಗ್ನೆ ನಾಲಿಗೆ ಕಚ್ಚಿಕೊಂಡಳು. ಕೋಪನ್‌ಹೇಗನ್ನಿನಲ್ಲಿ ಗುರುವಿಗೂ ಏಕವಚನವೇ, ನಿಜ. ಆದರೆ ಈಗ ಗಾಜಿನ ಮೇಲಿದ್ದದ್ದು ಅವನದೇ ತೊಡೆ! ಬೇರೆಯವರ ಸ್ನಾಯು ಕೇಳುವ ಮುನ್ನ ತನ್ನದನ್ನು ಕೊಡಬೇಕೆಂಬುದು ಆ ಪ್ರಯೋಗಾಲಯದ ನೇಮ. ಹಾಗಾಗಿ ಪ್ರೆಬೆನ್ ಮೊನ್ನೆ ದಪ್ಪ ಸೂಜಿ ಚುಚ್ಚಿಸಿಕೊಂಡು, ಅಕ್ಕಿಕಾಳಿನಷ್ಟು ತುಣುಕು ಕೊಟ್ಟು, ಕುಂಟುತ್ತಲೇ ಸೈಕಲ್ ಹತ್ತಿ ಹೋಗಿದ್ದ. ದೇಹದ ರಾಸಾಯನಿಕ ಸಂದೇಶ ಹಿಡಿಯುವ ಗ್ರಾಹಕ (ರಿಸೆಪ್ಟರ್) ಪ್ರೋಟೀನೊಂದು ಸ್ನಾಯುವಿನ ಎಳೆಗಳಲ್ಲೇ ಇದೆಯೆಂದು ಅರ್ಧ ಆಯುಷ್ಯ ವಾದಿಸಿದವನು ಅವನು. ಎಳೆಗಳಲ್ಲಲ್ಲ, ರಕ್ತನಾಳ ಮತ್ತು ನರಗಳಲ್ಲಿದೆ ಎಂಬುದು ಸಿಗ್ನೆಯ ವಾದ. ಅದಿರುವ ಕಡೆ ಹಸಿರು ಬಣ್ಣ ಅಂಟಿ ಹೊಳೆಯಬೇಕು.

"ಸರಿ, ನಾನೂ ನೋಡ್ತೀನಿ."

"ನೋಡು. ಬೈಬೇಡ ಅಷ್ಟೆ."

ಪ್ರೆಬೆನ್ ಬಾಗಿದ. ಎಳೆಗಳೆಲ್ಲ ಮಲಗಿದ ಊರಿನಂತೆ ಕಪ್ಪಗಿದ್ದವು. ನಡುವೆ ರಕ್ತನಾಳದ ಗೋಡೆ ಮಾತ್ರ ಹಸಿರು ಬಳೆಯಾಗಿ ತೇಲುತ್ತಿತ್ತು. ಪಕ್ಕದಲ್ಲೊಂದು ನರ, ನೀರಿನಡಿ ಯಾರೋ ಹಚ್ಚಿಟ್ಟ ದೀಪಗಳ ಹಾಗೆ.

"ಚೆಂದ ಇದೆ," ಎಂದ, ನಿದ್ದೆಯಲ್ಲಿ ಮಾತಾಡುವವನಂತೆ. "ಎಳೇಲಿ ಏನೂ ಇಲ್ವಲ್ಲೇ?"

"ಇಲ್ಲ."

"ಬಣ್ಣ ಸುಮ್ನೆ ಅಂಟ್ಕೊಂಡಿರುತ್ತೆ ಬಿಡು. ಹೋದ ಸಲ ಹಿಂಗೇ ಆಗಿ, ತಪ್ಪಿಗೆ ನೀನು ಎಲ್ರಿಗೂ ಬಿಯರ್ ಕೊಡಿಸ್ಲಿಲ್ವಾ?"

"ಜೋಡಿ ಗಾಜು ಇನ್ನೂ ನೋಡಿಲ್ಲ."

ಅದೇ ತೊಡೆಯ ಇನ್ನೊಂದು ಚೂರು ಅದು. ಅದಕ್ಕೆ ಬಣ್ಣವನ್ನಷ್ಟೇ ಹಾಕಿದ್ದಳು, ಗ್ರಾಹಕವನ್ನು ಹುಡುಕಿ ಹಿಡಿಯುವ ಪ್ರತಿಕಾಯವನ್ನಲ್ಲ. ಅದೂ ಹೊಳೆದರೆ ಮೊದಲಿನ ಹಸಿರೆಲ್ಲ ಸುಳ್ಳು, ಸಿಗ್ನೆಯ ಪಿಎಚ್‌ಡಿ ನೀರುಪಾಲು. ಹೊಳೆಯದಿದ್ದರೆ ಪ್ರೆಬೆನ್‌ನ ವಾದ ಸತ್ತ ಹಾಗೆ.

ಗಾಜು ಬದಲಿಸಿದಳು. ನೋಡುವ ಧೈರ್ಯ ಬರಲಿಲ್ಲ. "ನೀನೇ ನೋಡು, ಮಾರಾಯ."

ಅವನು ನೋಡಿದ. ತಿರುಪನ್ನು ಆಚೆ ತಿರುಗಿಸಿದ, ಈಚೆ ತಿರುಗಿಸಿದ. ಮತ್ತೆ ನೋಡಿದ.

"ಏನ್ ಕಾಣ್ತಿದೆ, ಹೇಳೋ!"

"ಏನೂ ಇಲ್ಲ. ಶುದ್ಧ ಕತ್ತಲು. ನೀನೇ ಗೆದ್ದೆ ಕಣೇ."

ಸಿಗ್ನೆಯ ಕೈ ಲೈಟಿನ ಗುಂಡಿಯತ್ತ ಹೋಯಿತು.

"ಬೇಡ," ಎಂದ ಪ್ರೆಬೆನ್, ಕಣ್ಣು ಕೀಳದೆ. "ನನ್ನ ವಾದ ಇಷ್ಟು ವರ್ಷ ನಾನಿದ್ದ ಮನೆ. ಸ್ವಲ್ಪ ಹೊತ್ತು ಇದ್ದು ಬರ್ತೀನಿ."