ಹದಿನಾರನೆಯ ಸಾಲು

ಸಂಜೆ ಐದಕ್ಕೆ ತಮ್ಮ ಬಂದಾಗ, ಅಕ್ಕನ ಮನೆಯಲ್ಲೇ ಇದ್ದ ಹೊಲಿಗೆ ಅಂಗಡಿಯ ಬಾಗಿಲ ಪಕ್ಕ ಅವನ ಕುರ್ಚಿ ಇರಲಿಲ್ಲ.

ವರ್ಷದ ಕೊನೆಯ ರಜೆಯ ವಾರದಲ್ಲಿ ಆ ಕುರ್ಚಿಯನ್ನು ಬೇರೆಯವರು ಮುಟ್ಟುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವನು ಅದರಲ್ಲಿ ಮನೆಗೆ ಬೆನ್ನು ಹಾಕಿ ಕೂತು, ಹದಿನಾರು ಸ್ವಿಚ್ಚಿನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮನೆಯ ಮೈತುಂಬ ಕಟ್ಟಿದ ದೀಪದ ಸಾಲುಗಳನ್ನು ಬೆರಳಲ್ಲೇ ಕುಣಿಸುತ್ತಿದ್ದ. ಕೈ ತೆಗೆದರೆ ಆಟ ನಿಲ್ಲುತ್ತಿತ್ತು, ಹಾಗಾಗಿ ಅವನು ಎದ್ದದ್ದೇ ಇಲ್ಲ. ಎದುರು ನಿಂತವರ ಮುಖದ ಮೇಲೆ ಬಣ್ಣ ಆಡಿದರೆ ಎಲ್ಲ ಸರಿಯಾಗಿದೆ ಎಂದು ಅಂದಾಜು. ಕಸುಬಿನಲ್ಲಿ ಎಲೆಕ್ಟ್ರಿಷಿಯನ್, ಬೀದಿಯವರ ಬಾಯಲ್ಲಿ ದೀಪದಣ್ಣ.

"ನನ್ನ ಕುರ್ಚಿ ಎಲ್ಲಕ್ಕ?"

"ಇದೆ ಎಲ್ಲೋ. ಮೊದ್ಲು ಒಳಗೆ ಬಾ, ನನ್ನ ಜೀವ ಬಾಯಿಗೆ ಬಂದಿದೆ."

ಒಳಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡು ಅಂಗೈ ಅಗಲದ ಹಸಿರು ಸರ್ಕ್ಯೂಟ್ ಬೋರ್ಡು ಇತ್ತು. ಅಕ್ಕ ಅಂಚೆಯಲ್ಲಿ ಕಿಟ್ ತರಿಸಿ, ಒಂದೂವರೆ ತಿಂಗಳು ಕೂತು ತಾನೇ ಸೋಲ್ಡರ್ ಹಾಕಿ ಜೋಡಿಸಿದ್ದು. ಇನ್ನು ಸ್ವಿಚ್ಚು ಒತ್ತಲು ಯಾರೂ ಬೇಡ, ಇದೇ ಹಚ್ಚುತ್ತದೆ, ಇದೇ ಆರಿಸುತ್ತದೆ ಎಂದು ಅವಳು ಹೇಳಿದ ದಿನವೇ ತಮ್ಮನ ಮುಖ ಸಣ್ಣದಾಗಿತ್ತು. ನಲವತ್ತು ವರ್ಷ ಸೂಜಿ ಹಿಡಿದವಳು ಈಗ ಸೋಲ್ಡರ್ ಹಾಕುತ್ತಾಳಂತೆ ಎಂದು ಹೋದಲ್ಲಿ ಬಂದಲ್ಲಿ ನಕ್ಕಿದ್ದ. ನಕ್ಕದ್ದು ಭಯಕ್ಕೆ. ಇದು ಕೆಲಸ ಮಾಡಿಬಿಟ್ಟರೆ ತಾನು ಈ ಬೀದಿಯಲ್ಲಿ ಯಾವ ದೀಪದಣ್ಣ? ಕುರ್ಚಿಯನ್ನೂ ಎತ್ತಿಟ್ಟಾಗಿದೆಯಲ್ಲ.

"ಹದಿನೈದು ಸಾಲು ಹತ್ತುತ್ತೆ. ಬಾಗಿಲ ಸುತ್ತ ಇರೋ ಹದಿನಾರನೇದು ಮಾತ್ರ ಜಪ್ಪಯ್ಯ ಅಂದ್ರೂ ಹತ್ತಲ್ಲ. ಆರೂವರೆಗೆ ಜನ ಸೇರ್ತಾರೆ ಕಣೋ."

ಸುಳ್ಳೇಕೆ, ತಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಸುಮ್ಮನೆ ನನ್ನ ಹಲಗೆ ತರಲಾ ಎಂಬ ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಅಕ್ಕನ ಬೆರಳು ಕಂಡವು. ಎರಡಕ್ಕೆ ಪಟ್ಟಿ, ಹೆಬ್ಬೆರಳಲ್ಲಿ ಸುಟ್ಟ ಕಲೆ. ಮಾತು ನುಂಗಿಕೊಂಡು, ಪ್ಲಗ್ ಕಿತ್ತು, ಬೋರ್ಡನ್ನು ಬೋರಲು ಹಾಕಿದ.

ಬೆಸುಗೆಗಳು ಅವಳ ಹೊಲಿಗೆಯ ಹಾಗೇ ಇದ್ದವು, ಒಂದರ ಪಕ್ಕ ಒಂದು, ಎಲ್ಲ ಒಂದೇ ಅಳತೆ. ತಪ್ಪು ಹುಡುಕಲು ಬಂದವನಿಗೆ ಇದು ಕಷ್ಟದ ಹೊತ್ತು. ಆದರೆ ಗಂಟೆ ಹೊತ್ತು ಹುಡುಕಿದ ಮೇಲೆ, ಅಂಚಿನ ಕೊನೆಯಲ್ಲಿ, ಮೂರು ಕಾಲಿನ ಒಂದು ಬಿಡಿಭಾಗಕ್ಕೆ ಒಂದೇ ಕಾಲಲ್ಲಿ ಬೆಸುಗೆ ಇತ್ತು. ಉಳಿದ ಎರಡು ತೂತಿನಲ್ಲಿ ಸುಮ್ಮನೆ ನಿಂತಿದ್ದವು.

"ಇದೇನಕ್ಕ, ಇದಕ್ಕೆ ಒಂದೇ ಕಾಲಿಗೆ ಹಾಕಿದ್ದೀಯ?"

ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬಗ್ಗಿದಳು. "ಅಯ್ಯೋ, ಅದು ಕಚ್ಚಾ ಹೊಲಿಗೆ ಕಣೋ. ಅಲುಗಾಡಬಾರ್ದು ಅಂತ ಮೊದ್ಲು ಎಲ್ಲದಕ್ಕೂ ಒಂದೊಂದು ಕಾಲು ಹಿಡಿಸಿದೆ. ಆಮೇಲೆ ಪಕ್ಕಾ ಹಾಕ್ತಾ ಬಂದೆ. ಇದೊಂದು ಬಿಟ್ಟೋಗಿದೆ."

"ಕರೆಂಟಿಗೆ ಕಚ್ಚಾ ಹೊಲಿಗೆ ಹಾಕಿದೋರನ್ನ ನಾನಂತೂ ನೋಡಿರ್ಲಿಲ್ಲ."

"ಈಗ ನೋಡಿದ್ಯಲ್ಲ. ಬೇಗ ಹಾಕು."

ಎರಡು ಹನಿ ಸೋಲ್ಡರ್, ಎರಡು ಎಳೆ ಹೊಗೆ. ಪ್ಲಗ್ ಹಾಕಿ ನೋಡಿದರೆ ಬಾಗಿಲು ಝಗ್ಗನೆ ಹತ್ತಿತು.

"ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದಳು ಅಕ್ಕ. "ಇನ್ನು ನೀನು ಹೊರಡು. ರಸ್ತೆ ಆ ಕಡೆ ಹೋಗು."

ಕೆಲಸ ಆಯಿತು, ಸಾಗಹಾಕುತ್ತಿದ್ದಾಳೆ ಎಂದುಕೊಂಡ ತಮ್ಮ. ಆಗಲೇ ಸೇರಿದ್ದ ಜನರ ನಡುವೆ ದಾರಿ ಮಾಡಿಕೊಂಡು ರಸ್ತೆ ದಾಟಿದ. ಅಲ್ಲಿ, ಎದುರು ಮನೆಯ ಗೋಡೆಗೆ ಒರಗಿಕೊಂಡು, ಹೊಸ ದಿಂಬು ಹೊಲಿಸಿಕೊಂಡು, ಅವನ ಕುರ್ಚಿ ಅಕ್ಕನ ಮನೆಗೆ ಮುಖ ಮಾಡಿ ಕೂತಿತ್ತು.

"ಕೂತ್ಕೊಳ್ಳೋ," ಅಕ್ಕ ಬಾಗಿಲಿಂದಲೇ ಕೂಗಿದಳು. "ಮೂವತ್ತು ವರ್ಷ ಕುಣಿಸಿದ್ದೀಯ, ಒಂದು ಸಲಾನೂ ನೋಡಿಲ್ಲ ನೀನು."

ಅವನು ಕೂತ. ಸೂರಿನಂಚು ಹತ್ತಿತು, ಕಿಟಕಿಗಳು ಹತ್ತಿದವು, ಮೆಟ್ಟಿಲ ಮೇಲೆ ನೀಲಿ ಇಳಿದು ಬಂತು. ಸ್ವಲ್ಪ ಹೊತ್ತಿಗೆ ನೋಡಿದರೆ ಮಂಡಿಯ ಮೇಲೆ ಅವನ ಬೆರಳುಗಳು ತಾವಾಗಿಯೇ ಆಡುತ್ತಿವೆ, ದೀಪಕ್ಕಿಂತ ಒಂದು ಹೆಜ್ಜೆ ಮುಂದೆ. ಇದು ಅವನದೇ ಆಟ. ಹೋದ ವರ್ಷ ಅಕ್ಕ ಅವನ ಬೆನ್ನ ಹಿಂದೆ ಅಳತೆ ಪುಸ್ತಕ ಹಿಡಿದು ಕೂತದ್ದು ಯಾರದೋ ಅಂಗಿಗಲ್ಲ, ಅವನ ಬೆರಳಿನ ಲೆಕ್ಕ ಬರೆದುಕೊಳ್ಳಲು. ಖುಷಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ನಾಚಿಕೆಪಡಲಿಲ್ಲ.

ಕೊನೆಗೆ ಹದಿನೈದು ಸಾಲೂ ಒಟ್ಟಿಗೆ ಆರಿದವು. ಈಗ ಬಾಗಿಲು ಹತ್ತಬೇಕು. ಹತ್ತಲಿಲ್ಲ. ಬೆಸುಗೆ ಬಿಟ್ಟಿತೇ ಎಂದು ಅವನು ಕುರ್ಚಿಯಿಂದ ಅರ್ಧ ಎದ್ದ. ಬೀದಿಗೆ ಬೀದಿಯೇ ಗಪ್‌ಚಿಪ್. ಒಂದು ಉಸಿರಿನ ನಂತರ ಬಾಗಿಲೊಂದೇ ಕತ್ತಲಲ್ಲಿ ಬೆಳಗಿತು, ಜನರೆಲ್ಲ ಬಿಗಿಹಿಡಿದ ಉಸಿರು ಬಿಟ್ಟರು.

"ಅಕ್ಕಾ, ಕೊನೇದು ತಡ ಆಯ್ತು. ಆ ಸ್ವಿಚ್ಚು ಮೊದ್ಲಿಂದ್ಲೂ ಗಟ್ಟಿ, ಒತ್ತೋಕೆ ಹೊತ್ತು ಹಿಡೀತಿತ್ತು, ಅಷ್ಟೇ. ನೀನು ಅದನ್ನೂ ಬರ್ಕೊಂಡಿದ್ದೀಯ. ನಾಳೆ ಬಂದು ಸರಿ ಮಾಡ್ತೀನಿ."

"ಮುಟ್ಟಿದ್ರೆ ನೋಡು. ಅಳತೆ ಇದ್ದ ಹಾಗೆ ಹೊಲಿದಿದ್ದೀನಿ."

ಎರಡನೆಯ ಸುತ್ತು ಶುರುವಾಯಿತು. ಹದಿನೈದು ಸಾಲೂ ಆರಿ ಕತ್ತಲಾದಾಗ, ಅಕ್ಕಪಕ್ಕ ನಿಂತವರೆಲ್ಲರ ಜೊತೆ ದೀಪದಣ್ಣನೂ ಉಸಿರು ಬಿಗಿಹಿಡಿದು ಕಾದ.